ಲಲಾಟಬಿಂಬ: ಹಣೆಯ ತಿಲಕವೇ ಹೊರತು ಹಣೆಬರಹವಲ್ಲ



'ಲಲಾಟಬಿಂಬ' ಎಂಬುದು ಎರಡು ಪದಗಳು ಕೂಡಿ ಆದ ಸಮಾಸ. ಲಲಾಟವೆಂದರೆ ಹಣೆ, ಬಿಂಬವೆಂದರೆ ರೂಪ, ಪ್ರತಿಮೆ. ಹಣೆಯಲ್ಲಿ ಇರುವ ಪ್ರತಿಮೆಯೇ ಲಲಾಟಬಿಂಬ. ಇಲ್ಲಿ ಹಣೆಯೆಂದರೆ ಮನುಷ್ಯನ ಹಣೆಯಲ್ಲ, ಬಾಗಿಲಿನ ಹಣೆ. ದೇವಾಲಯದ ಬಾಗಿಲವಾಡದಲ್ಲಿ ಕೆಳಗೆ ಹೊಸ್ತಿಲು. ಎರಡು ಬದಿಗೆ ಶಾಖೆಗಳೆಂದು ಕರೆಯಲಾಗುವ ಕೆತ್ತನೆಯ ಪಟ್ಟಿಗಳುಳ್ಳ ನಿಲುಗಂಬಗಳು. ಮೇಲೆ ಅಡ್ಡವಾಗಿ ಕೂಡಿಸಿದ ಕಲ್ಲು, ಅದಕ್ಕೆ ಉತ್ತರಂಗವೆಂದು ಹೆಸರು. ಈ ಉತ್ತರಂಗದ ನಟ್ಟನಡುವೆ, ಒಳಹೋಗುವವನ ತಲೆಗೆ ನೇರ ಮೇಲೆ, ಶಿಲ್ಪಿಯು ಒಂದು ಚಿಕ್ಕ ಪ್ರತಿಮೆಯನ್ನು ಬಿಡಿಸುತ್ತಾನೆ. ಎರಡು ಬದಿಯ ಬಳ್ಳಿ, ಮುತ್ತಿನ ಸಾಲು, ಮಿಥುನಗಳು, ಸ್ತಂಭಗಳು ಎಲ್ಲವೂ ಮೇಲೇರಿ ಬಂದು ಕೂಡುವ ನಡುವಣ ಅಲಂಕಾರವದು. ಅದೇ ಲಲಾಟಬಿಂಬ.

ಪದದ ಅರ್ಥ ಇಷ್ಟೇ. ಇದರಲ್ಲಿ ಸ್ಥಾನದ ಸೂಚನೆಯಿದೆ, ರೂಪದ ಸೂಚನೆಯಿದೆ. 'ಈ ಗುಡಿ ಇಂಥ ದೇವರದು, ಇಂಥ ಮತದವರದು' ಎಂಬ ಸೂಚನೆ ಪದದೊಳಗೆ ಎಲ್ಲಿಯೂ ಇಲ್ಲ.

ಆದರೆ ಇತ್ತೀಚಿನ ದಿನಗಳಲ್ಲಿ ಈ ಪದವನ್ನು ಬಳಸುತ್ತಿರುವ ರೀತಿಯೇ ಬೇರೆ. ಊರ ಚರಿತ್ರೆಯ ಕಿರುಹೊತ್ತಗೆಗಳಲ್ಲಿ, ಜಾತ್ರೆಯ ಸ್ಮರಣಸಂಚಿಕೆಗಳಲ್ಲಿ, ಪ್ರವಾಸಿಗರಿಗೆ ಗುಡಿ ತೋರಿಸುವವರ ಬಾಯಲ್ಲಿ ಲಲಾಟಬಿಂಬವೆಂದರೆ ಗುಡಿಯ ನಾಮಫಲಕ. ಗರುಡನಿದ್ದರೆ ವಿಷ್ಣುವಿನ ಗುಡಿ. ಗಜಲಕ್ಷ್ಮಿಯಿದ್ದರೆ ಅದೂ ವೈಷ್ಣವ. ಒಳಗೆ ಬೇರೆ ದೇವರಿದ್ದರೆ ಯಾರೋ ಆಕ್ರಮಿಸಿ ಕೂರಿಸಿದ್ದು. ಬಾಗಿಲಿನಲ್ಲಿ ನಿಂತು ತಲೆಯೆತ್ತಿ ನೋಡಿದರೆ ಸಾಕು, ಸಾವಿರ ವರ್ಷದ ಚರಿತ್ರೆ ಕೈವಶವಾಯಿತೆಂಬ ಭಾವನೆ! ಹಣೆಯ ಮೇಲಿನ ತಿಲಕವನ್ನು ಹಣೆಬರಹವೆಂದು ಓದುವ ಈ ಪದ್ಧತಿ ತಪ್ಪು. ತಪ್ಪು ಮಾತ್ರವಲ್ಲ, ಅಪಾಯಕಾರಿ. ಏಕೆಂದರೆ ಈ ಒಂದು ಪದವನ್ನು ಆಧಾರವಾಗಿಟ್ಟುಕೊಂಡು ಊರೂರಿನಲ್ಲಿ ಗುಡಿಯ ಹಕ್ಕಿನ ಮಾತುಗಳು ಹುಟ್ಟುತ್ತಿವೆ. ಮಾತು ಬೆಳೆದ ಕಡೆ ಉಳಿ ಸುತ್ತಿಗೆಗಳೂ ಹೊರಬರುತ್ತವೆ.

ಐಹೊಳೆಯ ಗುಡಿಯ ನಿದರ್ಶನ

ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿರುವ ದುರ್ಗದ ಗುಡಿಯನ್ನು ಅರಿಯದ ಕನ್ನಡಿಗರು ವಿರಳ. ಹಿಂಬದಿ ದುಂಡಾಗಿ ಗಜಪೃಷ್ಠಾಕಾರದಲ್ಲಿರುವ, ಸುತ್ತಲೂ ಕಂಬಗಳ ಪ್ರದಕ್ಷಿಣಾಪಥವುಳ್ಳ ಬಾದಾಮಿ ಚಾಲುಕ್ಯರ ಕಾಲದ ದೇವಾಲಯವಿದು. ಈ ಒಂದು ಗುಡಿಗೆ ಎಷ್ಟು ದೇವರುಗಳನ್ನು ಗಂಟುಹಾಕಲಾಗಿದೆ ಎಂಬುದನ್ನು ಗಮನಿಸಬೇಕು.

ಹೆಸರನ್ನು ಕೇಳಿದವರು ಇದು ದುರ್ಗಾದೇವಿಯ ಗುಡಿ ಎಂದರು. ಹಿಂಬದಿಯ ದುಂಡು ಆಕಾರವನ್ನು ನೋಡಿದ 19ನೆಯ ಶತಮಾನದ ವಿದ್ವಾಂಸರು ಇದನ್ನು ಬೌದ್ಧರ ಚೈತ್ಯದ ಮಾದರಿಯೊಂದಿಗೆ ಜೋಡಿಸಿ ಬರೆದರು. ಬಾಗಿಲವಾಡದ ಲಲಾಟವನ್ನು ನೋಡಿದವರು, ಅಲ್ಲಿ ಗರುಡನಿರುವುದರಿಂದ, ವಿಷ್ಣುವಿನ ಗುಡಿ ಎಂದರು. ಪ್ರದಕ್ಷಿಣಾಪಥದ ಕೋಷ್ಠಗಳಲ್ಲಿ ನಂದಿಯೊಡನೆ ಶಿವನಿದ್ದಾನೆ, ನರಸಿಂಹನಿದ್ದಾನೆ, ಗರುಡವಾಹನ ವಿಷ್ಣುವಿದ್ದಾನೆ, ವರಾಹನಿದ್ದಾನೆ, ಮಹಿಷಮರ್ದಿನಿಯಿದ್ದಾಳೆ, ಹರಿಹರನಿದ್ದಾನೆ. ಯಾವ ಕೋಷ್ಠದ ಮುಂದೆ ನಿಂತರೆ ಆ ದೇವರ ಗುಡಿಯೆನ್ನಬಹುದು.

ಕೊನೆಗೆ ನಿರ್ಣಯ ಹೇಳಿದ್ದು ಶಾಸನ. ಗುಡಿಯ ಆವರಣದ ಪ್ರವೇಶದ್ವಾರದಲ್ಲಿರುವ, ಇಮ್ಮಡಿ ವಿಕ್ರಮಾದಿತ್ಯನ ಕಾಲದ, ಅಂದರೆ ಕ್ರಿ.ಶ. 8ನೆಯ ಶತಮಾನದ ಪೂರ್ವಾರ್ಧದ ಶಾಸನವು ಕೊಮಾರಸಿಂಗನು ಕಟ್ಟಿಸಿದ ಆದಿತ್ಯನ ದೇವಾಲಯಕ್ಕೆ ಕೊಟ್ಟ ದತ್ತಿಯನ್ನು ಹೇಳುತ್ತದೆ. ಇದು ಸೂರ್ಯನ ಗುಡಿ. ದುರ್ಗಾ ಎಂಬ ಹೆಸರು ದೇವಿಯಿಂದ ಬಂದುದೂ ಅಲ್ಲ. ದುರ್ಗ, ಎಂದರೆ ಕೋಟೆಗೆ ಸೇರಿಕೊಂಡಿದ್ದ ಗುಡಿಯಾದ್ದರಿಂದ ದುರ್ಗದ ಗುಡಿಯಾಯಿತು. ಹೆಸರೂ ದಾರಿ ತಪ್ಪಿಸಿತು, ಆಕಾರವೂ ದಾರಿ ತಪ್ಪಿಸಿತು, ಲಲಾಟಬಿಂಬವೂ ದಾರಿ ತಪ್ಪಿಸಿತು. ಅವುಗಳ ದೋಷವೇನೂ ಇಲ್ಲ. ಅವುಗಳಿಗೆ ಕೇಳಬಾರದ ಪ್ರಶ್ನೆಯನ್ನು ಕೇಳಿದವರದು ದೋಷ.

'ಸೂರ್ಯನೂ ನಾರಾಯಣನೇ ಅಲ್ಲವೇ? ಆದ್ದರಿಂದ ಗರುಡ ಹೇಳಿದ್ದು ನಿಜವೇ ಆಯಿತಲ್ಲ' ಎಂದು ವಾದಿಸುವವರಿದ್ದಾರೆ. ಉತ್ತರ ತಿಳಿದ ಮೇಲೆ ಲೆಕ್ಕವನ್ನು ತಿದ್ದುವ ಜಾಣತನವಿದು. ಶಾಸನ ದೊರೆಯದೆ ಇದ್ದಿದ್ದರೆ ಕೇವಲ ಗರುಡನನ್ನು ನೋಡಿ ಇದು ಆದಿತ್ಯನ ಗುಡಿಯೆಂದು ಹೇಳುವವರು ಎಷ್ಟು ಜನರಿದ್ದರು?

ಗರುಡನು ಅಲ್ಲಿ ಏಕಿದ್ದಾನೆ?

ಹಾಗಾದರೆ ಗರುಡನಿಗೆ ಆ ಬಾಗಿಲಿನ ಹಣೆಯಲ್ಲಿ ಏನು ಕೆಲಸ? ಈ ಪ್ರಶ್ನೆಗೆ ಉತ್ತರವನ್ನು ಗರ್ಭಗೃಹದೊಳಗೆ ಹುಡುಕಬೇಕಾಗಿಲ್ಲ, ಬಾಗಿಲಿನಲ್ಲಿಯೇ ಇದೆ. ಚಾಲುಕ್ಯರ ಕಾಲದ ಬಾಗಿಲವಾಡಗಳಲ್ಲಿ ನಾಗಶಾಖೆ ಎಂಬ ಪಟ್ಟಿಯೊಂದಿರುತ್ತದೆ. ಎರಡು ಬದಿಯ ನಿಲುಗಂಬಗಳ ಬುಡದಲ್ಲಿ ನಾಗಗಳು ಹುಟ್ಟಿ, ಅವುಗಳ ಉದ್ದನೆಯ ಮೈ ಶಾಖೆಯುದ್ದಕ್ಕೂ ಮೇಲೇರಿ, ಉತ್ತರಂಗದ ಮೇಲೆ ಎರಡು ಕಡೆಯಿಂದಲೂ ನಡುವಿಗೆ ಹರಿದು ಬರುತ್ತದೆ. ಎಡಗಡೆಯ ನಾಗನ ಬಾಲ ಒಂದು ಕೈಯಲ್ಲಿ, ಬಲಗಡೆಯ ನಾಗನ ಬಾಲ ಇನ್ನೊಂದು ಕೈಯಲ್ಲಿ ಹಿಡಿದು ನಡುವೆ ನಿಂತವನೇ ಗರುಡ.

ಶಿಲ್ಪಿಯ ಯೋಚನೆ ಎಷ್ಟು ಸರಳವೋ ಅಷ್ಟೇ ಸಮರ್ಪಕ. ಬಾಗಿಲನ್ನು ಸುತ್ತುವರಿದ ಎರಡು ಹಾವುಗಳ ತುದಿಯನ್ನು ನಡುವೆ ಯಾರಾದರೂ ಹಿಡಿಯಬೇಕು. ಹಾವನ್ನು ಅಂಜದೆ ಹಿಡಿಯಬಲ್ಲವನು ಗರುಡನೇ. ಆದ್ದರಿಂದ ಅವನು ಅಲ್ಲಿ ಮನೆಯ ಯಜಮಾನನ ಗುರುತಾಗಿ ನಿಂತವನಲ್ಲ, ಬಾಗಿಲಿನ ಕಾವಲಿಗೆ ನಿಂತವನು. ಬಾಗಿಲು ಕಾಯುವವನನ್ನು ಕಂಡು ಮನೆ ಅವನ ಒಡೆಯನದೇ ಎಂದು ಪಟ್ಟಾ ಬರೆದುಕೊಡುವುದು ಯಾವ ನ್ಯಾಯ?

ಅದೇ ಐಹೊಳೆಯ ಲಾಡಖಾನ ಗುಡಿಯ ಸಂಗತಿಯೂ ಇಂಥದೇ. ಈಗಿನ ಹೆಸರು ಅಲ್ಲಿ ವಾಸವಾಗಿದ್ದ ಒಬ್ಬ ವ್ಯಕ್ತಿಯದು. ಒಳಗೆ ಶಿವಲಿಂಗವಿದೆ, ನಂದಿಯಿದೆ. ಗರ್ಭಗೃಹದ ಬಾಗಿಲಿನ ಲಲಾಟದಲ್ಲಿ ಗರುಡನಿದ್ದಾನೆ. ಇದನ್ನೇ ಹಿಡಿದುಕೊಂಡು ಗುಡಿ ಮೊದಲು ವಿಷ್ಣುವಿನದಾಗಿತ್ತು, ಲಿಂಗ ಆಮೇಲೆ ಬಂದಿತು ಎಂದು ಹೇಳುವವರಿದ್ದಾರೆ. ಹಾಗೆ ಆಗಿರಲಿಕ್ಕೇ ಇಲ್ಲವೆಂದು ಹಟ ಹಿಡಿಯಬೇಕಾಗಿಲ್ಲ. ಆದರೆ ಅದನ್ನು ಸಿದ್ಧಪಡಿಸಲು ಪೀಠದ ರಚನೆ, ಕಟ್ಟಡದ ಹಂತಗಳು, ಶಾಸನಗಳು, ಉಳಿದ ಶಿಲ್ಪಗಳು ಒಂದೇ ದಿಕ್ಕಿಗೆ ಬೆರಳು ತೋರಿಸಬೇಕು. ಗರುಡನೊಬ್ಬನ ಸಾಕ್ಷಿ ಸಾಲದು; ಏಕೆಂದರೆ ಅದೇ ಗರುಡನು ಅದೇ ಊರಿನ ಸೂರ್ಯನ ಗುಡಿಯ ಬಾಗಿಲಿನಲ್ಲಿಯೂ ನಿಂತಿದ್ದಾನೆ.

ಗಜಲಕ್ಷ್ಮಿ ಯಾರವಳು?

ಗರುಡನಿಗಿಂತಲೂ ಹೆಚ್ಚು ದುರ್ವಿನಿಯೋಗಕ್ಕೆ ಒಳಗಾದವಳು ಗಜಲಕ್ಷ್ಮಿ. ಕಮಲದ ಮೇಲೆ ಕುಳಿತ ದೇವಿ, ಎರಡು ಬದಿಗೆ ಸೊಂಡಿಲಿನಲ್ಲಿ ಕಲಶ ಹಿಡಿದು ಅಭಿಷೇಕ ಮಾಡುವ ಆನೆಗಳು. ಕರ್ನಾಟಕದ ಗುಡಿಗಳ ಲಲಾಟದಲ್ಲಿ ಈಕೆಯಷ್ಟು ಮೇಲಿಂದ ಮೇಲೆ ಕಾಣಿಸುವ ಬಿಂಬ ಇನ್ನೊಂದಿಲ್ಲ. ಲಕ್ಷ್ಮಿ ವಿಷ್ಣುಪತ್ನಿ, ಆದ್ದರಿಂದ ಗುಡಿ ವೈಷ್ಣವ ಎಂಬ ಸುಲಭ ತರ್ಕವನ್ನು ಓದು ಬಲ್ಲವರೂ ಹೇಳುತ್ತಾರೆ.

ಈ ತರ್ಕವನ್ನು ಹೊತ್ತುಕೊಂಡು ಶ್ರವಣಬೆಳಗೊಳಕ್ಕೆ ಹೋಗಬೇಕು. ವಿಂಧ್ಯಗಿರಿಯ ಮೇಲೆ ಗೊಮ್ಮಟೇಶ್ವರನ ದರ್ಶನಕ್ಕೆ ಏರುವ ದಾರಿಯಲ್ಲಿ ಅಖಂಡ ಬಾಗಿಲು ಎಂಬುದಿದೆ. ಒಂದೇ ಬಂಡೆಯನ್ನು ಕೊರೆದು ಮಾಡಿದ್ದರಿಂದ ಆ ಹೆಸರು. ಪರಂಪರೆ ಅದನ್ನು ಚಾವುಂಡರಾಯನೊಂದಿಗೆ ಜೋಡಿಸುತ್ತದೆ. ಆ ಬಾಗಿಲಿನ ಹಣೆಯಲ್ಲಿ ವಿಸ್ತಾರವಾಗಿ ಕೆತ್ತಲ್ಪಟ್ಟವಳು ಗಜಲಕ್ಷ್ಮಿ. ಎರಡು ಬದಿಯಿಂದ ಆನೆಗಳು ಆಕೆಗೆ ನೀರೆರೆಯುತ್ತಿವೆ. ಲಲಾಟಬಿಂಬವೇ ನಾಮಫಲಕವಾದರೆ ವಿಂಧ್ಯಗಿರಿಯು ವೈಷ್ಣವ ಕ್ಷೇತ್ರವಾಗಬೇಕು! ಹಾಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ದೊಡ್ಡದಾಗಿ ಕಣ್ಣೆದುರು ಗೊಮ್ಮಟನು ನಿಂತಿರುವುದರಿಂದ ಅಲ್ಲಿ ತರ್ಕವು ಬಾಯಿ ಮುಚ್ಚಿಕೊಳ್ಳುತ್ತದೆ. ಕಾಯುವವರಿಲ್ಲದ ಹಳ್ಳಿಯ ಪಾಳುಗುಡಿಯಲ್ಲಿ ಮಾತ್ರ ಅದರ ಬಾಯಿ ತೆರೆಯುತ್ತದೆ.

ಇನ್ನೂ ಹಿಂದಕ್ಕೆ ಹೋಗಬಹುದು. ಕ್ರಿಸ್ತಪೂರ್ವ 2ನೆಯ ಶತಮಾನದ ಭಾರ್ಹುತ್ ಸ್ತೂಪದ ಕಟಾಂಜನದಲ್ಲಿ, ಆಮೇಲಿನ ಸಾಂಚಿಯ ತೋರಣಗಳಲ್ಲಿ ಆನೆಗಳಿಂದ ಅಭಿಷಿಕ್ತಳಾದ ಇದೇ ದೇವಿ ಇದ್ದಾಳೆ. ಅವೆರಡೂ ಬೌದ್ಧ ಸ್ತೂಪಗಳು. ರಾಷ್ಟ್ರಕೂಟ ಒಂದನೆಯ ಕೃಷ್ಣನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಎಲ್ಲೋರದ ಕೈಲಾಸ ದೇವಾಲಯದ ಅಂಗಳವನ್ನು ಹೊಕ್ಕೊಡನೆ ಎದುರಾಗುವವಳೂ ಗಜಲಕ್ಷ್ಮಿಯೇ. ಆ ದೇವಾಲಯವಾದರೋ ಶಿವನದು. ಬೌದ್ಧರಿಗೂ ಜೈನರಿಗೂ ಶೈವರಿಗೂ ವೈಷ್ಣವರಿಗೂ ಸಮಾನವಾಗಿ ಒದಗಿಬಂದ ಸಿರಿಯ, ನೀರಿನ, ಸಮೃದ್ಧಿಯ ಸಂಕೇತ ಆಕೆ. ನಮ್ಮ ನಾಡಿನ ಹಳೆಯ ಮನೆಗಳ ತಲೆಬಾಗಿಲಿನ ಚೌಕಟ್ಟಿನ ನಡುವೆ ಬಡಿಗರು ಕೆತ್ತಿದ ಗಜಲಕ್ಷ್ಮಿಯನ್ನು ಇಂದಿಗೂ ಕಾಣಬಹುದು. ಆ ಮನೆಯವರೆಲ್ಲ ಯಾವ ಮತದವರೆಂದು ಆಕೆಯನ್ನು ನೋಡಿ ಹೇಳಲಾದೀತೆ? ಒಳಬರುವವರಿಗೆ ಒಳಿತಾಗಲಿ, ಒಳಗಿರುವವರಿಗೆ ಸಿರಿ ಬರಲಿ ಎಂಬುದಷ್ಟೇ ಆ ಬಿಂಬದ ನುಡಿ.

ಹಾಗಾದರೆ ಬಿಂಬ ಏನನ್ನೂ ಹೇಳುವುದಿಲ್ಲವೇ?

ಹೇಳುತ್ತದೆ. ಇಲ್ಲಿ ಇನ್ನೊಂದು ತುದಿಗೆ ಹೋಗಿ ಲಲಾಟಬಿಂಬವು ಬರಿಯ ಅಲಂಕಾರ, ಅದಕ್ಕೆ ಅರ್ಥವಿಲ್ಲ ಎನ್ನುವುದೂ ಅಷ್ಟೇ ತಪ್ಪು. ಬೇಲೂರಿನ ಚೆನ್ನಕೇಶವ ದೇವಾಲಯದ ಪೂರ್ವದ ಬಾಗಿಲಿನ ಮೇಲೆ ನರಸಿಂಹನಿದ್ದಾನೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ದಕ್ಷಿಣದ ಬಾಗಿಲಿನ ಮೇಲೆ ನರ್ತಿಸುವ ಶಿವನಿದ್ದಾನೆ. ಇವೆರಡರಲ್ಲಿಯೂ ಹಣೆಯ ಬಿಂಬಕ್ಕೂ ಒಳಗಿನ ದೇವರಿಗೂ ಸಂಬಂಧ ನೇರವಾಗಿದೆ. ಬಸದಿಯ ಬಾಗಿಲಿನಲ್ಲಿ ಪದ್ಮಾಸನದಲ್ಲಿ ಕುಳಿತ ತೀರ್ಥಂಕರನಿದ್ದರೆ ಅದು ಇನ್ನೂ ಪ್ರಬಲವಾದ ಸಾಕ್ಷ್ಯ. ಏಕೆಂದರೆ ಗಜಲಕ್ಷ್ಮಿಯಂತೆ ಎಲ್ಲ ಮತದವರೂ ಮಂಗಳಕ್ಕಾಗಿ ಇಟ್ಟುಕೊಳ್ಳುವ ರೂಪ ಅದಲ್ಲ.

ಆದ್ದರಿಂದ ವಿವೇಕವುಳ್ಳವರು ಎರಡು ಬಗೆಯ ಬಿಂಬಗಳನ್ನು ಬೇರ್ಪಡಿಸಿ ನೋಡಬೇಕು. ಎಲ್ಲರಿಗೂ ಸೇರಿದ ಮಂಗಳಬಿಂಬ ಒಂದು. ಒಂದು ದೇವತೆಗೆ ಅಥವಾ ಒಂದು ಧರ್ಮಕ್ಕೆ ಮಾತ್ರ ಸೇರಿದ ವಿಶೇಷಬಿಂಬ ಇನ್ನೊಂದು. ಮೊದಲನೆಯದರಿಂದ ಮತನಿರ್ಣಯ ಆಗದು. ಎರಡನೆಯದರಿಂದ ಬಲವಾದ ಊಹೆ ಸಾಧ್ಯ, ಆದರೆ ಅದಕ್ಕೂ ಆಸರೆ ಬೇಕು. ಬಾಗಿಲವಾಡವು ಬೇರೆ ಗುಡಿಯಿಂದ ತಂದು ಕೂಡಿಸಿದ್ದೂ ಆಗಿರಬಹುದು. ಹಾಳಾದ ಗುಡಿಯ ಕಲ್ಲು ಹೊಸ ಗುಡಿಗೆ ಬರುವುದು ಈ ನಾಡಿನಲ್ಲಿ ಅಪರೂಪವಲ್ಲ.

ವಚನಗಳ ಅಭ್ಯಾಸವಿರುವವರಿಗೆ ಇದು ಸುಲಭವಾಗಿ ಅರ್ಥವಾಗುವ ಮಾತು. ವಚನದ ಕೊನೆಯಲ್ಲಿ ಬರುವ ಅಂಕಿತವು ಕರ್ತೃವನ್ನು ಗುರುತಿಸಲೆಂದೇ ಇರುವಂಥದು. ಅಷ್ಟಿದ್ದರೂ ಸಂಪಾದಕರು ಅಂಕಿತವೊಂದನ್ನೇ ನಂಬಿ ವಚನವನ್ನು ಸ್ವೀಕರಿಸುವುದಿಲ್ಲ. ತಾಳೆಯೋಲೆಗಳನ್ನು ಕೂಡಿಸಿ, ಭಾಷೆಯನ್ನು ಪರಿಶೀಲಿಸಿ, ಪ್ರಕ್ಷಿಪ್ತವೋ ಅಲ್ಲವೋ ಎಂದು ವಿಚಾರ ಮಾಡುತ್ತಾರೆ. ಗುರುತಿಗಾಗಿಯೇ ಇರುವ ಅಂಕಿತಕ್ಕೆ ಇಷ್ಟು ಪರೀಕ್ಷೆಯಾದರೆ, ಗುರುತಿಗಾಗಿ ಇರದ ಅಲಂಕಾರಕ್ಕೆ ಎಷ್ಟು ಪರೀಕ್ಷೆ ಬೇಡ? ಲಲಾಟಬಿಂಬವು ಗುಡಿಯ ಅಂಕಿತವಲ್ಲ.

ಎರಡು ತಕ್ಕಡಿಗಳು

ಇಷ್ಟು ಹೇಳಿದ ಮೇಲೆ ಶಿವಭಕ್ತರಾದವರು ಕೇಳಿಸಿಕೊಳ್ಳಲೇಬೇಕಾದ ಕಹಿ ಮಾತೊಂದಿದೆ. ಶಿವನ ಗುಡಿಯ ಬಾಗಿಲಿನಲ್ಲಿ ಗರುಡನನ್ನು ತೋರಿಸಿ ಯಾರಾದರೂ ಪ್ರಶ್ನಿಸಿದರೆ 'ಅದು ಬರಿಯ ಅಲಂಕಾರ' ಎನ್ನುವವರೇ, ಇನ್ನೊಂದು ಗುಡಿಯಲ್ಲಿ ಹಣೆಯ ಮೇಲೆ ನಂದಿಯನ್ನೋ ಲಿಂಗವನ್ನೋ ಕಂಡೊಡನೆ 'ಇದಕ್ಕಿಂತ ಸಾಕ್ಷಿ ಬೇಕೆ?' ಎಂದು ಎದ್ದು ನಿಲ್ಲುತ್ತಾರೆ. ತನಗೆ ಬೇಕಾದಾಗ ತಿಲಕ, ಬೇಕಾದಾಗ ಹಣೆಬರಹ. ತೂಗುವವನೊಬ್ಬನೇ, ತಕ್ಕಡಿ ಮಾತ್ರ ಎರಡು. ಇದಕ್ಕೆ ವಿದ್ವತ್ತು ಎನ್ನಲಾಗದು.

ಉತ್ತರ ಕರ್ನಾಟಕದಲ್ಲಿ ಒಳಗೆ ಲಿಂಗವಿದ್ದು ಬಾಗಿಲಿನ ಹಣೆಯಲ್ಲಿ ಜಿನಬಿಂಬವಿರುವ ಗುಡಿಗಳಿವೆ. ಅವು ಒಂದು ಕಾಲದಲ್ಲಿ ಬಸದಿಗಳಾಗಿದ್ದವೆಂಬ ಊಹೆಗೆ ಬಲವಾದ ಕಾರಣವಿದೆ. ಈ ಸತ್ಯದ ಮುಂದೆ ಕೆಲವು ಊರುಗಳಲ್ಲಿ ನಡೆಯುವುದೇನು? ಆ ಬಿಂಬದ ಮೇಲೆ ಸುಣ್ಣದ ಪದರದ ಮೇಲೆ ಸುಣ್ಣದ ಪದರ. ಅದೂ ಸಾಲದಾದರೆ ಎಣ್ಣೆಬಣ್ಣ. ಅದೂ ಸಾಲದಾದರೆ ಹಿತ್ತಾಳೆಯ ತಗಡು. ಭಕ್ತಿಯ ಹೆಸರಿನಲ್ಲಿ ಮಾಡುವ ಈ ಕೆಲಸ ಭಕ್ತಿಯಲ್ಲ, ಭಯ. ಎಂಟುನೂರು ವರ್ಷಗಳಿಂದ ಭಕ್ತರು ತಲೆಬಾಗಿ ಹಾಯ್ದುಹೋದ ಬಾಗಿಲಿನ ಹಣೆಯಲ್ಲಿ ಕಣ್ಣು ಮುಚ್ಚಿ ಕುಳಿತ ಒಬ್ಬ ತೀರ್ಥಂಕರನಿಂದ ಒಳಗಿನ ಲಿಂಗಕ್ಕೆ ಯಾವ ಕೊರತೆಯೂ ಆಗಿಲ್ಲ; ಇನ್ನು ಮುಂದೆ ಆಗುವುದೂ ಇಲ್ಲ. ಊರಿನ ಹಿಂದಿನ ತಲೆಮಾರುಗಳು ಅದನ್ನು ಉಳಿಸಿಕೊಂಡು ಬಂದವು. ಈಗಿನವರಿಗೆ ಮಾತ್ರ ಅದು ಕಣ್ಣಿಗೆ ಚುಚ್ಚುವುದೇಕೆ? ಲಲಾಟಬಿಂಬವನ್ನು ಹಕ್ಕುಪತ್ರವೆಂದು ಓದಲು ಕಲಿತದ್ದೇ ಇದಕ್ಕೆ ಕಾರಣ. ಪದದ ಅರ್ಥ ಕೆಟ್ಟರೆ ಕಲ್ಲೂ ಕೆಡುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಜೀರ್ಣೋದ್ಧಾರವೆಂಬ ಹೆಸರಿನಲ್ಲಿ

ಇನ್ನೊಂದು ಹಾನಿ ಸದ್ದಿಲ್ಲದೆ ನಡೆಯುತ್ತದೆ. ಗುಡಿಯ ಜೀರ್ಣೋದ್ಧಾರವೆಂದು ಹಣ ಕೂಡಿಸಿದ ಸಮಿತಿಯು ಮೊದಲು ಕೈಹಾಕುವುದು ಬಾಗಿಲವಾಡಕ್ಕೆ. ಹಳೆಯ ಕಲ್ಲು ಮಾಸಿದೆ, ಬಾಗಿಲು ಚಿಕ್ಕದು, ಹೊಳೆಯುವ ಗ್ರಾನೈಟಿನ ಚೌಕಟ್ಟು ಕೂರಿಸೋಣ, ನಡುವೆ 'ನಮ್ಮ ದೇವರ' ಬಿಂಬ ಇರಲಿ ಎಂಬ ಠರಾವು ಪಾಸಾಗುತ್ತದೆ. ಕಿತ್ತ ಉತ್ತರಂಗವು ಗುಡಿಯ ಹಿಂದೆ ಬಟ್ಟೆ ಒಗೆಯುವ ಕಲ್ಲಾಗುತ್ತದೆ, ಇಲ್ಲವೇ ಒಂದು ರಾತ್ರಿ ಕಾಣೆಯಾಗುತ್ತದೆ. ಬಳ್ಳಿ ಎಷ್ಟು ಸುತ್ತು ಸುತ್ತಿತ್ತು, ಶಾಖೆಗಳು ಮೂರಿದ್ದವೋ ಐದಿದ್ದವೋ, ನಡುವಣ ಬಿಂಬ ಯಾವುದಿತ್ತು, ಕಲ್ಲಿನ ಅಂಚಿನಲ್ಲಿ ಶಿಲ್ಪಿಯ ಹೆಸರಿತ್ತೋ ಎಂಬುದು ಯಾರಿಗೂ ಗೊತ್ತಾಗದೆ ಹೋಗುತ್ತದೆ.

ಇದು ಕೇವಲ ರುಚಿಯ ಪ್ರಶ್ನೆಯಲ್ಲ, ಕಾಯಿದೆಯ ಪ್ರಶ್ನೆಯೂ ಹೌದು. ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸ್ಮಾರಕಗಳಿಗೆ 1958ರ ಕೇಂದ್ರ ಕಾಯಿದೆಯ ರಕ್ಷಣೆಯಿದೆ. ಅಂಥ ಗುಡಿಯಲ್ಲಿ ಒಂದು ಕಲ್ಲನ್ನೂ ಅಲುಗಿಸುವಂತಿಲ್ಲ. ಘೋಷಿತವಾಗದ ಹಳ್ಳಿಯ ಗುಡಿಯಾದರೂ, 1972ರ ಪುರಾವಸ್ತುಗಳ ಕಾಯಿದೆಯು ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪವನ್ನು, ಕಟ್ಟಡದಿಂದ ಬೇರ್ಪಟ್ಟ ಭಾಗವನ್ನು ಪುರಾವಸ್ತುವೆಂದೇ ಪರಿಗಣಿಸುತ್ತದೆ. ಕಿತ್ತೆಸೆದ ಉತ್ತರಂಗವೂ ಈ ಮಾತಿನಡಿಯಲ್ಲಿ ಬರುತ್ತದೆ.

ಮಾಡಬೇಕಾದುದು ಕಠಿಣವೇನಲ್ಲ. ಬಾಗಿಲವಾಡವನ್ನು ಇದ್ದ ಸ್ಥಿತಿಯಲ್ಲಿ ಛಾಯಾಚಿತ್ರ ತೆಗೆದು ಇಡಬೇಕು. ಸುಣ್ಣವನ್ನು ಕೆರೆಯಲು ಉಳಿ, ತಂತಿಯ ಬ್ರಷ್ಷು ಬಳಸಕೂಡದು. ತಿಳಿದವರನ್ನು, ಪುರಾತತ್ತ್ವ ಇಲಾಖೆಯವರನ್ನು ಕೇಳಬೇಕು. ಎಣ್ಣೆಬಣ್ಣ ಬಳಿಯಕೂಡದು. ಬಾಗಿಲು ಬಿರುಕು ಬಿಟ್ಟು ತೆಗೆಯಲೇಬೇಕಾಗಿ ಬಂದರೆ, ಆ ಕಲ್ಲನ್ನು ಗುಡಿಯ ಆವರಣದಲ್ಲಿಯೇ, ಮಳೆ ತಾಗದ ಕಡೆ, ಮುಖ ಕಾಣುವಂತೆ ಇರಿಸಬೇಕು. ಊರ ಚರಿತ್ರೆ ಬರೆಯುವವರು 'ಲಲಾಟದಲ್ಲಿ ಇಂಥ ಬಿಂಬವಿದೆ' ಎಂದು ಬರೆಯಲಿ. ಅದರ ಮುಂದೆ 'ಆದ್ದರಿಂದ' ಎಂಬ ಪದ ಬರೆಯುವ ಮೊದಲು ಶಾಸನವನ್ನೂ ಪೀಠವನ್ನೂ ಇತರ ಶಿಲ್ಪಗಳನ್ನೂ ನೋಡಲಿ.

ತಿಲಕವಿಟ್ಟುಕೊಂಡವನನ್ನು ಕಂಡರೆ ಶುಭಕಾರ್ಯಕ್ಕೆ ಹೊರಟಿದ್ದಾನೆಂದು ತಿಳಿಯಬಹುದು. ಅವನ ಮನೆ, ಮನೆತನ, ಆಸ್ತಿಗಳ ವಿವರವನ್ನು ಅದರಿಂದ ತಿಳಿಯಲಾಗದು. ಬಾಗಿಲಿನ ಹಣೆಯ ಮಾತೂ ಹೀಗೆಯೇ. ಒಳಗೆ ಬರುವವನಿಗೆ ಮಂಗಳವನ್ನು ಕೋರುವುದಕ್ಕಾಗಿ ಶಿಲ್ಪಿಯು ಆ ನಡುವಣ ಕಲ್ಲಿನಲ್ಲಿ ತನ್ನ ಕೈಯ ಸೊಬಗನ್ನೆಲ್ಲ ತುಂಬಿದ. ಬಾಗಿಲಿನಲ್ಲಿಯೇ ನಿಂತು ಜಗಳವಾಡಲೆಂದು ಅದನ್ನು ಕೆತ್ತಲಿಲ್ಲ.